ಫ್ಲೆಕ್ಸಿಗೇರಿದ ಕಣ್ಣು

ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯವರು ಯಾರ ಮದುವೆಯಲ್ಲೂ ಇರುತ್ತಿರಲಿಲ್ಲ. ಅಕ್ಕಿಕಾಳು ಬಿದ್ದವೋ, ಊಟ. ಊಟವಾಯಿತೋ, ಎಲೆ ಅಡಿಕೆ. ಎಲೆ ಅಡಿಕೆ ಕೈಗೆ ಬಂದದ್ದೇ ತಡ, ಅವ್ವ ಸೆರಗು ಸಿಕ್ಕಿಸಿಕೊಂಡು ನಮ್ಮನ್ನು ಹೊರಡಿಸಿಬಿಡುತ್ತಿದ್ದಳು. ಹೊಸಪೇಟೆಯ ನಮ್ಮ ಬಳಗದಲ್ಲಿ ಇದಕ್ಕೆ ಸೊಕ್ಕು ಎಂದು ಹೆಸರು. "ಅವರು ಭಾಳ ದೊಡ್ಡ ಮಂದಿ. ನಮ್ಮ ಜೋಡಿ ಕುಂತು ಮಾತಾಡಾಕ ಪುರುಸೊತ್ತೆಲ್ಲೈತಿ" ಎಂದು ಹೆಂಗಸರು ಕೇಳಿಸುವ ಹಾಗೆಯೇ ಅನ್ನುತ್ತಿದ್ದರು. ಅವ್ವ ತಿದ್ದಲಿಲ್ಲ. ಸೊಕ್ಕಿನವರು ಅನ್ನಿಸಿಕೊಂಡರೆ ಹೆಣ್ಣುಮಕ್ಕಳ ಮದುವೆ ನಿಲ್ಲುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ನಿಜವೆಂದರೆ ನನಗೆ ಇರುಳುಗಣ್ಣು. ಹಗಲಿನಲ್ಲಿ ಸೂಜಿಗೆ ದಾರ ಪೋಣಿಸುತ್ತೇನೆ, ಪೇಪರಿನ ಸಣ್ಣಕ್ಷರ ಓದುತ್ತೇನೆ. ಹೊತ್ತು ಮುಳುಗಿತೆಂದರೆ ಮುಗಿಯಿತು, ತಲೆಯ ಮೇಲೆ ಯಾರೋ ಗಡಿಗೆ ಕವುಚಿದ ಹಾಗೆ. ಮಬ್ಬು ಬೆಳಕಿನ ಕೋಣೆಯಲ್ಲೂ ಅಷ್ಟೇ. ನಾನು ಹೈಸ್ಕೂಲಿನಲ್ಲಿದ್ದಾಗ ಬಳ್ಳಾರಿಯ ಕಣ್ಣಿನ ಡಾಕ್ಟರೊಬ್ಬರು ಅಪ್ಪ ಅವ್ವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ, ಇದು ರಕ್ತದಲ್ಲಿ ಬಂದದ್ದು, ಗಂಡ ಹೆಂಡತಿ ಒಂದೇ ಬಳಗದವರಾದರೆ ಇಂಥದ್ದು ಕಾಣಿಸಿಕೊಳ್ಳುವುದು ಹೆಚ್ಚು, ಇದಕ್ಕೆ ಔಷಧಿಯಿಲ್ಲ, ವಯಸ್ಸಾದಂತೆ ಹಗಲಿನ ನೋಟವೂ ಕಿರಿದಾಗುತ್ತದೆ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವ್ವ ಆಡಿದ ಮೊದಲ ಮಾತು ನನ್ನ ಬಗ್ಗೆ ಆಗಿರಲಿಲ್ಲ. "ನಿಮ್ಮಕ್ಕನ ಮದಿವಿ ಆಗೂತನ ಇದು ಯಾರ ಕಿವಿಗೂ ಬೀಳಬಾರ್ದು" ಅಂದಳು. ನನಗೆ ಕೆಟ್ಟ ಸಿಟ್ಟು ಬಂತು. ಕಣ್ಣು ಹೋಗುತ್ತಿರುವುದು ನನ್ನದು, ಚಿಂತೆ ಅಕ್ಕನ ಮದುವೆಯದು. ಮನೆಗೆ ಬರುವವರೆಗೂ ನಾನು ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದೆ.

ಅಕ್ಕನ ಕಣ್ಣು ಚೆನ್ನಾಗಿಯೇ ಇದ್ದವು. ಅವಳನ್ನು ಕಂಪ್ಲಿಗೆ ಕೊಟ್ಟರು. ಅವ್ವನ ದೂರದ ಅಣ್ಣನ ಮನೆ, ಸ್ವಂತ ರೈಸ್ ಮಿಲ್ಲು, ಹಳೆಯ ಸಂಬಂಧವನ್ನು ಮತ್ತೆ ಗಂಟು ಹಾಕಿದಂತಾಯಿತು ಎಂದು ಎಲ್ಲರಿಗೂ ಖುಷಿ. ಮಗ್ಗುಲಲ್ಲೇ ಹುಡುಗಿ ಸಿಗುವಾಗ ಊರೂರು ಅಲೆಯುವುದೇಕೆ ಎಂದು ಅವರು, ಗೊತ್ತಿದ್ದವರ ಮನೆ ಎಂದು ಇವರು. ಡಾಕ್ಟರು ಹೇಳಿದ್ದು ಅಪ್ಪನಿಗೂ ಅವ್ವನಿಗೂ ಆ ಹೊತ್ತಿನಲ್ಲಿ ನೆನಪಾಗಲಿಲ್ಲವೋ, ನೆನಪಾದರೂ ನುಂಗಿಕೊಂಡರೋ, ಇವತ್ತಿಗೂ ನಾನು ಕೇಳಿಲ್ಲ. ಅಕ್ಕನಿಗೆ ಮಗಳು ಹುಟ್ಟಿದಳು. ಕೂಸು ತೊದಲು ಮಾತಿನಲ್ಲಿ ನನ್ನನ್ನು ಚಿಗವ್ವ ಎಂದು ಕರೆಯತೊಡಗಿದಾಗ ನಾನು ಎಂ.ಎ.ಗೆ ಸೇರಿದ್ದೆ.

ವಿಶ್ವವಿದ್ಯಾಲಯ ಯಾವುದು ಎಂದು ಹೇಳುವುದಿಲ್ಲ. ದಿನಾ ಬಸ್ಸಿನಲ್ಲಿ ಹೋಗಿಬರುವ ದೂರ, ಅಷ್ಟು ಸಾಕು. ವಿಷಯ ಇತಿಹಾಸ. ಇತಿಹಾಸ ಓದುವವರನ್ನು ಹಂಪಿಗೆ ಕರೆದೊಯ್ಯದೆ ಬಿಡುತ್ತಾರೆಯೇ. ಬಜಾರಿನ ಕಲ್ಲುಮಂಟಪಗಳ ಸಾಲಿನಲ್ಲಿ ನಾನು ಎಲ್ಲರಿಗಿಂತ ಮುಂದೆ, ಬಿಸಿಲಿಗೆ ಛತ್ರಿಯೂ ಬೇಡ. ಗುಡಿಯ ಒಳಸುತ್ತಿಗೆ ಬಂದಾಗ ಮಾತ್ರ ಹೊಟ್ಟೆನೋವು ಎಂದು ಹೊರಗೆ ಕೂತೆ. ಕಂಬದ ಕೆತ್ತನೆ ನೋಡಿ ಬರೆಯಬೇಕಿದ್ದ ಟಿಪ್ಪಣಿಯನ್ನು ಗೆಳತಿಯ ಪುಸ್ತಕದಿಂದ ಇಳಿಸಿಕೊಂಡೆ. ಹೊಟ್ಟೆನೋವಿನಿಂದ ಪರೀಕ್ಷೆ ಪಾಸಾಗುವುದಿಲ್ಲವಲ್ಲ. ಮೊದಲ ಸೆಮಿಸ್ಟರಿನಲ್ಲಿ ಮೋಡ ಮುಸುಕಿದ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸುತ್ತಲಿನವರು ಹಾಗೆಯೇ ಬರೆಯುತ್ತಿದ್ದರು. ನಾನು ಪೆನ್ನು ಹಿಡಿದುಕೊಂಡು, ಪ್ರಶ್ನೆ ಎಲ್ಲಿದೆ, ಉತ್ತರ ಎಲ್ಲಿದೆ ತಿಳಿಯದೆ, ಗಂಟೆ ಹೊಡೆಯುವ ತನಕ ಕೂತಿದ್ದೆ.

ಅದೇ ಗೆಳತಿ ದಾರಿ ತೋರಿಸಿದಳು. ವಿಕಲಚೇತನ ವಿದ್ಯಾರ್ಥಿಗಳಿಗೆ ಎಂದೇ ಒಂದು ಘಟಕವಿದೆ, ಸರ್ಟಿಫಿಕೇಟು ಕೊಟ್ಟರೆ ಹೆಚ್ಚಿನ ಸಮಯ, ಬೆಳಕಿರುವ ಜಾಗ ಎರಡೂ ಕೊಡುತ್ತಾರೆ ಎಂದಳು. ಅವ್ವ ಬೇಡವೇ ಬೇಡ ಅಂದಳು. "ಇರಲಾರದಕ್ಕ ಇರಿವಿ ಬಿಟ್ಕೊಬ್ಯಾಡ" ಅಂದಳು. ನಾನು ಅವಳ ಮಾತು ಮೀರಿ ಜಿಲ್ಲಾ ಆಸ್ಪತ್ರೆಯ ಪಾಳಿಯಲ್ಲಿ ನಿಂತು ಸರ್ಟಿಫಿಕೇಟು ತಂದೆ. ತಂದದ್ದು ಸರಿಯೆಂದೇ ಆಗಲೂ ಅಂದುಕೊಂಡಿದ್ದೆ, ಈಗಲೂ ಅಂದುಕೊಳ್ಳುತ್ತೇನೆ.

ಘಟಕದ ಉಸ್ತುವಾರಿ ಹೊತ್ತಿದ್ದವರು ಒಬ್ಬ ಮೇಷ್ಟ್ರು. ಬೇರೆಯವರು ಬೇಡವೆಂದು ತಳ್ಳಿದ ಕೆಲಸವನ್ನು ಅವರು ಅಕ್ಕರೆಯಿಂದ ಮಾಡುತ್ತಿದ್ದರು. ಕನ್ನಡವೆಂದರೆ ಅವರಿಗೆ ಪ್ರಾಣ. ಕಚೇರಿಯ ಬಾಗಿಲ ಮೇಲಿನ ಇಂಗ್ಲಿಷ್ ಫಲಕವನ್ನು ತಾವೇ ಕುರ್ಚಿ ಹತ್ತಿ ಕಿತ್ತವರು. ನನ್ನ ಸರ್ಟಿಫಿಕೇಟನ್ನು ಎರಡು ಕೈಯಿಂದ ತೆಗೆದುಕೊಂಡರು, ಓದಿದರು, ಕಬ್ಬಿಣದ ಬೀರುವಿಗೆ ಹಾಕಿ ಕೀಲಿ ತಿರುವಿದರು. ಕೀಲಿ ಅವರ ಜನಿವಾರದಲ್ಲೇ ಇರುತ್ತಿತ್ತು. ಜವಾನನ ಕೈಗೂ ಕೊಡುತ್ತಿರಲಿಲ್ಲ.

"ಸರ್, ನಮ್ಮ ಮನಿಯಾಗ ಇದು ಯಾರಿಗೂ ಗೊತ್ತಾಗೂದು ಬ್ಯಾಡಂತಾರ್ರಿ" ಎಂದೆ.

"ಗೊತ್ತಾಗಂಗಿಲ್ಲವ್ವ. ಈ ಬೀರುವಿನಾಗ ಹೋಗಿದ್ದು ನನ್ನ ಹೊಟ್ಟಿಯಾಗ ಹೋದಂಗ" ಎಂದರು ಅವರು.

ಮಾತು ಉಳಿಸಿಕೊಂಡರು ಕೂಡ. ಮುಂದಿನ ಪರೀಕ್ಷೆಯಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು, ತಲೆಯ ಮೇಲೆ ಒಂದು ಹೊಸ ದೀಪ, ಬರೆಯಲು ಹೆಚ್ಚಿನ ಹೊತ್ತು. ಯಾಕೆ ಎಂದು ಯಾರೂ ಕೇಳಲಿಲ್ಲ. ಆ ಮಧ್ಯಾಹ್ನ ನಾನು ಎಷ್ಟು ಸುಖವಾಗಿದ್ದೆ ಎಂದರೆ, ಉತ್ತರ ಬರೆದು ಮುಗಿಸಿದ ಮೇಲೂ ಎದ್ದುಹೋಗಲು ಮನಸ್ಸಾಗದೆ ಬೆಳಕಿನಲ್ಲಿ ಸುಮ್ಮನೆ ಕೂತಿದ್ದೆ.

ಆಮೇಲೆ ಸಂಡೂರಿನ ಒಬ್ಬ ದೊಡ್ಡ ಮನುಷ್ಯರ ಹುಟ್ಟುಹಬ್ಬ ಬಂತು. ಅದಿರು ಸಾಗಿಸುವ ಲಾರಿಗಳ ಮಾಲೀಕರು, ಮುಂದೆ ಚುನಾವಣೆಗೆ ನಿಲ್ಲುತ್ತಾರೆಂದು ಸುದ್ದಿ. ವಿಕಲಚೇತನ ವಿದ್ಯಾರ್ಥಿಗಳಿಗೆಲ್ಲ ತಲಾ ಒಂದು ಟ್ಯಾಬು ಕೊಟ್ಟು ಶಾಲು ಹೊದೆಸುವುದಾಗಿ ಹೇಳಿ ಕಳಿಸಿದ್ದರು. ಮೇಷ್ಟ್ರಿಗೆ ಹಿಡಿಸಲಾರದಷ್ಟು ಸಂತೋಷ. ನಾನು ಬರುವುದಿಲ್ಲ ಎಂದೆ. ಒತ್ತಾಯ ಮಾಡಲಿಲ್ಲ. "ಬ್ಯಾಡಂದ್ರ ಬಿಡವ್ವ, ನಿನ್ನ ಟ್ಯಾಬ್ ನನ್ನ ಹತ್ರ ಇಟ್ಟಿರ್ತೀನಿ" ಅಂದರು. ಕಾರ್ಯಕ್ರಮದ ದಿನ ನಾನು ಮನೆಯಲ್ಲಿ ಕೂತು ಸಂಡಿಗೆ ಹಿಟ್ಟು ಕಲಸುತ್ತಿದ್ದೆ, ತಪ್ಪಿಸಿಕೊಂಡೆನೆಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಪಾತ್ರೆ ಅಂಗಡಿ. ಅವರು ಎಂದೂ ಊಟದ ಹೊತ್ತಿಗಿಂತ ಮುಂಚೆ ಅಂಗಡಿ ಮುಚ್ಚಿದವರಲ್ಲ. ಅವತ್ತು ಹಿಟ್ಟಿನ ಕೈ ತೊಳೆಯುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಬಿಡಲಿಲ್ಲ. "ನಡಿ" ಅಂದರು, ಅಷ್ಟೇ.

ಫ್ಲೆಕ್ಸು ನಮ್ಮ ಅಂಗಡಿಯ ಎದುರೇ ಕಟ್ಟಿತ್ತು. ನಮ್ಮ ಕಡೆ ಹುಟ್ಟುಹಬ್ಬಕ್ಕೂ ಫ್ಲೆಕ್ಸು, ತಿಥಿಗೂ ಫ್ಲೆಕ್ಸು, ಎಮ್ಮೆ ಹೆಚ್ಚು ಹಾಲು ಕೊಟ್ಟರೂ ಫ್ಲೆಕ್ಸು. ಮೇಲೆ ದಾನಿಗಳು ಕಪ್ಪು ಕನ್ನಡಕ ಹಾಕಿ ಕೈ ಮುಗಿದು ನಿಂತಿದ್ದರು, ಅವರ ಸುತ್ತ ಅಭಿಮಾನಿಗಳ ತಲೆಗಳು. ಕೆಳಗೆ 'ಸನ್ಮಾನಿತರು' ಎಂದು ಬರೆದು ನಮ್ಮ ಫೋಟೋ ಸಾಲಾಗಿ ಹಾಕಿದ್ದರು. ಪ್ರತಿಯೊಂದರ ಕೆಳಗೆ ಹೆಸರು, ಊರು, ವಿಭಾಗ, ಆಮೇಲೆ ಊನ. ಅರ್ಜಿಗೆ ಅಂಟಿಸಿದ್ದ ನನ್ನ ಫೋಟೋ ರೊಟ್ಟಿ ಹೆಂಚಿನಷ್ಟು ದೊಡ್ಡದಾಗಿತ್ತು. ಅದರ ಕೆಳಗೆ ಅಚ್ಚ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ: 'ವಂಶಪಾರಂಪರ್ಯ ಇರುಳುಗಣ್ಣು.' ನನ್ನ ಪಕ್ಕದಲ್ಲಿ ಹಾಸ್ಟೆಲಿನ ಒಬ್ಬ ಹುಡುಗಿ, ಒಳ್ಳೆಯ ಹಾಡುಗಾರ್ತಿ, ನಗುನಗುತ್ತಾ ತರಗತಿಗೆ ಬರುತ್ತಿದ್ದವಳು. ಅವಳ ಹೆಸರಿನ ಕೆಳಗೆ 'ಮಾನಸಿಕ ಕಾಯಿಲೆ' ಎಂದಿತ್ತು. ಅವಳು ಮತ್ತೆ ತರಗತಿಗೆ ಬರಲಿಲ್ಲ. ಮನೆಯವರು ಬಂದು ಪೆಟ್ಟಿಗೆ ಒಯ್ದರಂತೆ.

"ಎಲ್ಲೆಲ್ಲಿ ಹಾಕ್ಯಾರಂತ?" ಎಂದು ಅಪ್ಪ ಕೇಳಿದರು. ಪಕ್ಕದ ಎಳನೀರಿನವನು ಉತ್ಸಾಹದಿಂದ ಹೇಳಿದ: ಸಂಡೂರು, ಹೊಸಪೇಟೆ, ಕಂಪ್ಲಿ, ದಾನಿಗಳ ಹೆಸರು ಓಡುವ ಕಡೆಯಲ್ಲೆಲ್ಲ. ಕಂಪ್ಲಿ ಎಂಬ ಮಾತು ಕೇಳಿದ್ದೇ ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟರು.

ನಾನು ಮರುದಿನ ಮೇಷ್ಟ್ರ ಮುಂದೆ ನಿಂತೆ. ಬೈಯಬೇಕೆಂದೇ ಹೋಗಿದ್ದೆ. ಅವರು ನನ್ನ ಟ್ಯಾಬಿನ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು, ಒಳ್ಳೆಯ ಸುದ್ದಿಯೇನೋ ಎಂಬಂತೆ ಮುಖ ಅರಳಿಸಿದರು.

"ಯಾರಿಗೂ ಹೇಳಂಗಿಲ್ಲ ಅಂದಿದ್ರಿ, ಸರ್."

"ಯಾರಿಗೆ ಹೇಳೀನವ್ವ? ಬೀರು ನೋಡು, ಬೀಗ ನೋಡು. ನಿಮ್ಮ ಫೈಲು ಒಂದ್ ದಿನ ಹೊರಗ ಹೋಗಿಲ್ಲ."

"ಫ್ಲೆಕ್ಸಿನಾಗ ಐತಲ್ರಿ."

ಅವರು ನಿಜವಾಗಿಯೂ ತಬ್ಬಿಬ್ಬಾದರು. "ಅದು ಸನ್ಮಾನ ಅಲ್ಲೇನವ್ವ? ಇಷ್ಟು ಕಷ್ಟದಾಗ ಓದ್ಯಾರ ಅಂತ ಊರಿಗೆ ಗೊತ್ತಾಗಲಿ ಅಂತ. ಫ್ಲೆಕ್ಸಿನವರು ಪಟ್ಟಿ, ಫೋಟೋ ಕೇಳಿದ್ರು, ಇಂಗ್ಲಿಷಿನಾಗ ಇದ್ದಂಗ ಹಾಕ್ತೀವಿ ಅಂದ್ರು. ನಾನ ಬ್ಯಾಡಂದೆ. ರಾತ್ರಿ ಕುಂತು ಒಂದೊಂದೂ ಕನ್ನಡಕ್ಕ ತಂದೀನಿ, ಎಲ್ಲಾರಿಗೂ ತಿಳೀಲಿ ಅಂತ."

ಎಲ್ಲರಿಗೂ ತಿಳಿಯಿತು. ಡಾಕ್ಟರು ಬರೆದ ಇಂಗ್ಲಿಷಿನಲ್ಲಿಯೇ ಬಿಟ್ಟಿದ್ದರೆ ಕಂಪ್ಲಿಯಲ್ಲಿ ಅದನ್ನು ಯಾವ ನರಪಿಳ್ಳೆಯೂ ಓದುತ್ತಿರಲಿಲ್ಲ. ಗುಟ್ಟು ಎಂದರೆ ಬೀರುವಿನಲ್ಲಿರುವ ಕಾಗದ, ಶಾಲು ಹಾರದ ಜೊತೆ ಹೇಳಿದ್ದು ಮರ್ಯಾದೆ, ಇಷ್ಟೇ ಅವರಿಗೆ ತಿಳಿದದ್ದು. ನಮ್ಮ ಸೀಮೆಯಲ್ಲಿ ಹಾಗೆ ತಿಳಿದವರು ಅವರೊಬ್ಬರೇ ಅಲ್ಲ. ವೇದಿಕೆಗೆ ಕರೆದರೆ ಸಾಕು, ಏನು ಹೇಳಿ ಕರೆದರೆಂದು ಯಾರೂ ನೋಡುವುದಿಲ್ಲ. ಕೆಟ್ಟವರ ಮೇಲೆ ಸಿಟ್ಟು ಮಾಡುವುದು ಸುಲಭ. ಈ ಮನುಷ್ಯ ನನ್ನೆದುರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳತೊಡಗಿದಾಗ ನನ್ನ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಎದ್ದು ಬಂದೆ. ಟ್ಯಾಬು ಅಲ್ಲೇ ಬಿಟ್ಟೆ.

ಫ್ಲೆಕ್ಸು ಇಳಿಸಿರೆಂದು ಅಪ್ಪ ಅಭಿಮಾನಿಗಳನ್ನು ಕೇಳಿಕೊಂಡರು. "ಅಣ್ಣಾರ ಫೋಟೋ ಹುಟ್ಟಿದಬ್ಬದಾಗ ಇಳಸಿದ್ರ ಚೊಲೊ ಅಲ್ರಿ ಯಜಮಾನ್ರ" ಎಂದು ಅವರು ಮರ್ಯಾದೆಯಿಂದಲೇ ಹೇಳಿದರು. ನಾನು ವಿಶ್ವವಿದ್ಯಾಲಯಕ್ಕೆ ದೂರು ಕೊಡಲು ಹೋದೆ. ದೂರು ತೆಗೆದುಕೊಳ್ಳುವವರು, ಇದರ ಜೊತೆ ಅಂಗವಿಕಲತೆಯ ಸರ್ಟಿಫಿಕೇಟಿನ ಇನ್ನೊಂದು ನಕಲು ಮತ್ತು ಒಂದು ಫೋಟೋ ಲಗತ್ತಿಸಬೇಕು ಎಂದರು. ನಗು ಬಂತು. ಅಲ್ಲಿಯೇ, ಕೌಂಟರಿನ ಎದುರಿಗೇ ನಕ್ಕೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ದೂರು ಮಡಚಿಕೊಂಡು ಬಂದೆ. ಎಷ್ಟೋ ದಿನದ ಮೇಲೆ ಸಂಡೂರಿನ ದಾರಿಯಲ್ಲಿ ಬಸ್ಸಿನಿಂದ ನೋಡಿದರೆ, ಹರಿದ ಫ್ಲೆಕ್ಸು ಒಂದು ಪಂಚರ್ ಅಂಗಡಿಗೆ ಮರೆಯಾಗಿ ಕಟ್ಟಿತ್ತು. ನನ್ನ ಹಣೆಯ ಮೇಲೆಲ್ಲ ಅದಿರಿನ ಕೆಂಪು ಧೂಳು ಕೂತಿತ್ತು.

ಕಂಪ್ಲಿಯಿಂದ ಫೋನು ಬಂದದ್ದು ಫ್ಲೆಕ್ಸು ಕಟ್ಟಿದ ವಾರದೊಳಗೇ. ಮಾತಾಡಿದವರು ಅಕ್ಕನ ಅತ್ತೆ. ಫ್ಲೆಕ್ಸಿನ ಹೆಸರೆತ್ತಲಿಲ್ಲ. "ಮೊಮ್ಮಗಳನ್ನ ಕಣ್ಣಿನ ಡಾಕ್ಟ್ರಿಗೆ ತೋರಿಸೋಣಂತ ಮಾಡೀವಿ. ಅದಕ್ಕೂ ಮದ್ಲ ನೀವೇನಾರ ಹೇಳೂದೈತೇನ್ರಿ?" ಎಂದು ಅವ್ವನನ್ನು ಕೇಳಿದರು. ಅವ್ವ "ಏನಿಲ್ರಿ" ಎಂದಳು. ಡಾಕ್ಟರ ಮೆಶೀನಿನ ಮುಂದೆ ಕೂಸು ಕೂರಲಿಲ್ಲವಂತೆ, ಅತ್ತು ರಂಪ ಮಾಡಿತಂತೆ. ಸ್ವಲ್ಪ ದೊಡ್ಡದಾಗಲಿ, ಆಮೇಲೆ ಕರೆತನ್ನಿ, ಈಗಲೇ ಏನೂ ಹೇಳಲಾಗದು ಎಂದರಂತೆ ಅವರು. ಅತ್ತೆಗೆ ಅಷ್ಟು ತಾಳ್ಮೆ ಎಲ್ಲಿಯದು. ಅವರು ತಮ್ಮದೇ ಪರೀಕ್ಷೆ ಶುರುಮಾಡಿದರು. ದಿನಾ ಸಂಜೆ ಮಿಲ್ಲಿನ ಗೋದಾಮಿನಲ್ಲಿ, ಅಕ್ಕಿಚೀಲಗಳ ನಡುವೆ ಕೊನೆಯಲ್ಲಿ ಬೆಲ್ಲದ ಅಚ್ಚೊಂದನ್ನು ಇಟ್ಟು, ದೀಪ ಆರಿಸಿ, ಹೋಗಿ ತಾ ಎಂದು ಕೂಸನ್ನು ಒಳಗೆ ಬಿಡುವುದು. ಕೂಸು ತಂದರೆ ಸರಿ. ತರದ ದಿನ ತಾಯಿ ಮಗಳಿಬ್ಬರೂ ಹೊಸಪೇಟೆಯ ಬಸ್ಸು ಹತ್ತುವುದು, ಮಗನಿಗೆ ಬೇರೆ ಹೆಣ್ಣು ನೋಡುವುದು. ಇದನ್ನು ಅಕ್ಕನ ಮಾವ ಊಟದ ಎಲೆಯ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಿದ್ದರು. ಭಾವ ತಲೆ ತಗ್ಗಿಸಿ ಅನ್ನ ಕಲಸಿದನಂತೆ. ರಕ್ತ ಎರಡು ಮನೆಯದೂ ಒಂದೇ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಫ್ಲೆಕ್ಸಿನಲ್ಲಿ ಇದ್ದದ್ದು ನಮ್ಮ ಮನೆಯ ಹೆಸರು.

ಒಂದು ದಿನ ಅಕ್ಕ "ನೀ ಒಮ್ಮೆ ಬಂದು ಹೋಗಲೇ" ಅಂದಳು. ಅವ್ವ ತಡೆದಳು, ನಾನು ಹೋದೆ.

ಅಕ್ಕನ ಅತ್ತೆ ನನ್ನನ್ನು ಎತ್ತಿ ಆಡಿಸಿದವರು. ಮೊದಲೆಲ್ಲ ನಾನು ಹೊಸಿಲು ದಾಟುವ ಮುಂಚೆಯೇ "ಬಾರಲೇ ಹುಡುಗಿ" ಎಂದು ಅಡುಗೆಮನೆಯಿಂದ ಕೂಗುತ್ತಿದ್ದರು. ಅವತ್ತು ಎದ್ದು ನಿಂತು "ಬರ್ರಿ, ಕುಂದ್ರಿ" ಅಂದರು. ಆ 'ರಿ' ಕೇಳಿ ಹೊಸಿಲಲ್ಲೇ ನಿಂತೆ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಹಾ ಕೊಟ್ಟರು, ಚುರುಮುರಿ ಕೊಟ್ಟರು, ಮನೆಯ ಕ್ಷೇಮ ಕೇಳಿದರು, ಎಲ್ಲ ಬಹುವಚನದಲ್ಲಿ. ಬಿಸಿಲಿರುವಾಗಲೇ ಬಸ್ಸು ಹಿಡಿಯುತ್ತೇನೆಂದು ನಾನು ಎದ್ದಾಗ ಕೈ ಹಿಡಿದು ಕೂರಿಸಿದರು. "ಇರ್ರಿ. ನಮ್ಮ ಕೂಸಿನ ಕಣ್ಣು ಹ್ಯಾಂಗದಾವು, ನೀವೂ ನೋಡಿಕ್ಯಂತ ಹೋಗ್ರಿ."

ಗೋದಾಮಿನ ಬಾಗಿಲಲ್ಲಿ ನನಗೊಂದು ಸ್ಟೂಲು ಹಾಕಿದರು. ಮಾವ, ಅತ್ತೆ, ಭಾವ ನಿಂತರು. ಅಕ್ಕ ದೂರದಲ್ಲಿ ಮನೆಯ ಬಾಗಿಲ ಕಂಬಕ್ಕೆ ಒರಗಿದ್ದಳು. ದೀಪ ಆರಿತು. ಅವರಿಗೆ ಬಾಗಿಲಿನಿಂದ ಬೀಳುವ ಸಂಜೆಬೆಳಕಿನಲ್ಲಿ ಚೀಲಗಳ ಸಾಲು ಕಾಣುತ್ತಿತ್ತೆಂದು ಕಾಣುತ್ತದೆ. ನನಗೆ ಏನೂ ಇಲ್ಲ. ಕಿವಿಯೊಂದೇ ಉಳಿದಿತ್ತು. ಕೂಸಿನ ಗೆಜ್ಜೆ ಒಳಗೆ ಹೋಯಿತು, ನಿಂತಿತು, ಎಡಕ್ಕೆ ತಿರುಗಿತು. ಗೆಜ್ಜೆಯ ಕೆಳಗೆ ಇನ್ನೊಂದು ಸಣ್ಣ ಸದ್ದು ಇತ್ತು, ಒರಟು ಗೋಣಿಯ ಮೇಲೆ ಅಂಗೈ ಎಳೆಯುವ ಸದ್ದು. ಸರ್ ಸರ್ ಎಂದು ಚೀಲದಿಂದ ಚೀಲಕ್ಕೆ. ಹೆಜ್ಜೆ ಊರುವ ಮುಂಚೆ ಕಾಲ್ಬೆರಳ ತುದಿ ನೆಲ ತಡವುವುದೂ ಕೇಳುತ್ತಿತ್ತು. ನೋಡುವವರಿಗೆ ಅದು ಮಕ್ಕಳ ಆಟದ ನಡಿಗೆ. ನನಗೆ ಹಾಗಲ್ಲ, ನಾನು ಕತ್ತಲೆಯಲ್ಲಿ ನಡೆಯುವುದೇ ಹಾಗೆ.

ಕೂಸು ಬೆಲ್ಲ ಹಿಡಿದುಕೊಂಡು ಬಂತು. ದೀಪ ಹತ್ತಿತು. ಅತ್ತೆ ಅದನ್ನು ಎತ್ತಿಕೊಂಡು ಲಟಿಕೆ ಮುರಿದರು. "ನಮ್ಮ ಬಳ್ಳಿಗೆ ಏನೂ ತಾಗಿಲ್ಲ" ಎಂದು ನನ್ನ ಮುಖ ನೋಡಿ ಹೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಬೇರೆ ಏನು ಮಾಡಬೇಕಿತ್ತು.

ಎಲ್ಲರೂ ಒಳಗೆ ಹೋದ ಮೇಲೆ ಅಕ್ಕ ನನ್ನ ತೋಳು ಹಿಡಿದು ಹಿತ್ತಿಲ ಬಚ್ಚಲಿಗೆ ಕರೆದುಕೊಂಡು ಹೋದಳು. ಕೂಸು ಅವಳ ಸೊಂಟದ ಮೇಲಿತ್ತು.

"ಅಕ್ಕಾ, ಈಕಿ ಚೀಲ ಸವರಕೋತ ಹೊಕ್ಕಾಳ" ಅಂದೆ.

ಅಕ್ಕ ಬೆಚ್ಚಲಿಲ್ಲ. ನಾನು ಕಂಡುಹಿಡಿಯುತ್ತೇನೆಂದೇ ಕರೆಸಿದ್ದಳೋ ಏನೋ. "ಮಧ್ಯಾಹ್ನ ಎಲ್ಲಾರೂ ಮಕ್ಕೊಂಡಾಗ ಕಲಿಸ್ತೀನಿ. ಸೆರಗಿನಾಗ ಕಣ್ಣು ಕಟ್ಟಿ ಬಿಡ್ತೀನಿ. ಹಮಾಲರು ಚೀಲ ಸರಿಸಿದ್ರ ಮರುದಿನ ಮತ್ತ ಕಲಿಸ್ತೀನಿ. ಜಾಣಿ ಅದಾಳ, ಜಲ್ದಿ ಕಲಿತಾಳ."

"ಎಷ್ಟು ದಿನಾ ಹಿಂಗ? ನಾನ ಕರಕೊಂಡು ಹೋಗ್ತೀನಿ, ಬಳ್ಳಾರಿಗೆ ಬ್ಯಾಡ, ದೂರದ ದವಾಖಾನಿಗೆ. ತೋರಿಸೋಣ. ಮುಂದ ಸಾಲಿಗೆ ಹೋಗೂ ಕೂಸು."

"ತೋರಿಸಿದ್ರ ಡಾಕ್ಟ್ರು ಕಾಗದದ ಮ್ಯಾಲೆ ಬರೀತಾರಲೇ" ಅಂದಳು ಅಕ್ಕ.

ಬರೆಯಿಸಿಕೊಂಡದ್ದರಿಂದಲೇ ನನಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿದ್ದು, ಪರೀಕ್ಷೆ ಪಾಸಾಗಿದ್ದು, ಮುಂದೆ ಒಂದು ಕೆಲಸ ಹಿಡಿದು ಅನ್ನ ಉಣ್ಣುವ ಧೈರ್ಯ ಬಂದದ್ದು. ಬರೆಯಿಸದೆ ಹೋದರೆ ಈ ಕೂಸು ಮಬ್ಬುಗತ್ತಲೆಯ ಕ್ಲಾಸಿನಲ್ಲಿ ದಡ್ಡಿ ಅನ್ನಿಸಿಕೊಂಡು ಕೂರಬೇಕು, ಎಡವಿದಾಗೆಲ್ಲ ಬೈಸಿಕೊಳ್ಳಬೇಕು, ತನ್ನ ಕಣ್ಣಿಗೆ ಏನಾಗಿದೆ ಎಂದು ತನಗೂ ಗೊತ್ತಿಲ್ಲದೆ ಬೆಳೆಯಬೇಕು. ಇಷ್ಟೂ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಯಾವ ಮುಖ ಹೊತ್ತು ಹೇಳಲಿ. ಹೇಳಿದರೆ ಅಕ್ಕ ಕೇಳುವ ಮರುಪ್ರಶ್ನೆ ಒಂದೇ, ಅದು ಊರೂರ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿತ್ತು. ನನಗೆ ಅಳು ಬಂತು. ಅಕ್ಕನಿಗೆ ಬರಲಿಲ್ಲ. ಅವಳು ನನ್ನ ಕೈಯನ್ನು ಎಳೆದು ಮಗಳ ನೆತ್ತಿಯ ಮೇಲಿಟ್ಟಳು. ಕೂಸು ಬೆಲ್ಲ ಚೀಪುತ್ತಿತ್ತು, ನೆತ್ತಿ ಬೆವರಿನಿಂದ ಒದ್ದೆಯಾಗಿತ್ತು.

"ಯಾರಿಗೂ ಹೇಳಂಗಿಲ್ಲ ಅಂತ ಆಣಿ ಮಾಡು. ಅವ್ವಗೂ ಹೇಳಬ್ಯಾಡ."

ಮಾಡಿದೆ. ಅದಕ್ಕೇ ಇಲ್ಲಿ ಯಾರ ಹೆಸರೂ ಇಲ್ಲ. ಕಂಪ್ಲಿ ಎಂದು ಬರೆದದ್ದನ್ನು ಕಂಪ್ಲಿಯೆಂದೇ ನಂಬಬೇಡಿ. ಮಿಲ್ಲು ಇನ್ನೇನೋ ಆಗಿರಬಹುದು, ಬೆಲ್ಲದ ಅಚ್ಚು ಇನ್ನೇನೋ ಆಗಿರಬಹುದು, ಅಕ್ಕ ಎಂದು ಕರೆದವಳು ಅಕ್ಕನೇ ಅಲ್ಲದಿರಬಹುದು. ಕೂಸು ಮಾತ್ರ ನಿಜ.